ಗಾಲಿ ಗೊಣಗುವುದೇಕೆ?

ಕೀಲೆಣ್ಣೆ ಬತ್ತಿದ ಎತ್ತಿನ ಗಾಡಿ ಕಿರ್ರೆಂದು ಕೂಗಿ ಊರಿಗೆಲ್ಲ ಸಾರುತ್ತಿತ್ತು. ಟೊಮೇಟೊ ಹೊತ್ತು ಕೋಲಾರದ ಮಾರುಕಟ್ಟೆಗೆ ಧಾವಿಸುವ ಪಿಕಪ್ ಗಾಡಿಯ ಗಾಲಿಯೂ ತನ್ನ ಅಳಲನ್ನು ಹೇಳಿಕೊಳ್ಳುತ್ತದೆ. ಆದರೆ ಎಂಜಿನ್ನಿನ ಗದ್ದಲದ ನಡುವೆ ಅದನ್ನು ಆಲಿಸುವವರು ವಿರಳ.

ಅಚ್ಚಿಗೂ ಗಾಲಿಗೂ ನಡುವೆ ಕುಳಿತು ಭಾರ ಹೊರುವುದು ಬೇರಿಂಗು. ಒಂದು ತುದಿಗೆ ಕಿರಿದಾಗುತ್ತ ಹೋಗುವ ಉಕ್ಕಿನ ಉರುಳೆಗಳ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ಕಟ್ಟುತ್ತಿದ್ದವನು. ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಅದು ಒಟ್ಟಿಗೇ ತಾಳಬಲ್ಲದು. ಹಲವು ಪಿಕಪ್‌ಗಳ ಮುಂಗಾಲಿಗಳಲ್ಲಿ ಇಂಥವು ಎರಡೆರಡು ಇರುತ್ತವೆ.

ಸವೆತದ ಮೊದಲ ಲಕ್ಷಣ, ವೇಗದೊಡನೆ ಏರುವ ಗುಂಯ್‌ಗುಡುವ ಸದ್ದು. ಟಯರಿನ ಸದ್ದಾದರೆ ರಸ್ತೆಯ ಮೈ ಬದಲಾದಂತೆ ಬದಲಾಗುತ್ತದೆ. ಬೇರಿಂಗಿನದು ತಿರುವಿನಲ್ಲಿ ಬದಲಾಗುತ್ತದೆ. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ವಾಲುವುದರಿಂದ, ಆಗ ಸದ್ದು ಹೆಚ್ಚಿದರೆ ಎಡಗಾಲಿಯನ್ನು ಶಂಕಿಸಬೇಕು. ಅನಂತರ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಜಾಕಿನಿಂದೆತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಸಡಿಲ ಕಂಡರೆ ಮತ್ತೊಬ್ಬರು ಬ್ರೇಕ್ ಒತ್ತಲಿ. ಅಲುಗಾಟ ನಿಂತಿತೆಂದರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಮೊದಲಾದ ಕೀಲುಗಳದು.

ಬಿಚ್ಚಿದಾಗ ಕಾರಣವೂ ಗೋಚರಿಸುತ್ತದೆ. ನೀಲಿಗಟ್ಟಿದ ಉಕ್ಕು ಅತಿಯಾದ ಕಾವಿನ ಗುರುತು. ತುಕ್ಕು, ಸೀಲು ಕೆಟ್ಟು ನೀರು ಹೊಕ್ಕಿತೆಂಬುದರ ಸೂಚನೆ. ಕುಳಿಗಳು, ಲೋಹ ದಣಿದುದರ ಸಾಕ್ಷಿ. ಉರುಳೆಗಳನ್ನಷ್ಟೇ ಹೊಸದಾಗಿ ಹಾಕಿ, ಅವು ಉರುಳುವ ಹೊರಬಳೆಯನ್ನು ಹಳೆಯದೇ ಉಳಿಸುವ ಜಿಪುಣತನ ಸಲ್ಲದು. ಸವೆದ ಬಳೆ ಹೊಸ ಉರುಳೆಗಳನ್ನೂ ಬೇಗನೆ ಕೆಡಿಸುತ್ತದೆ. ಹಳೆಯ ಗ್ರೀಸನ್ನು ತೊಳೆದು, ಹೊಸದನ್ನು ಉರುಳೆಗಳ ಸಂದುಸಂದಿಗೂ ತುಂಬಬೇಕು, ಸೀಲೂ ಹೊಸದಾಗಬೇಕು.

ನಟ್ಟು ಬಿಗಿಯುವಲ್ಲಿಯೇ ಕುಶಲಿಯ ಪರೀಕ್ಷೆ. ಗಾಲಿಯನ್ನು ತಿರುಗಿಸುತ್ತ ಬಿಗಿದು ಉರುಳೆಗಳನ್ನು ಕೂರಿಸಿ, ಸಡಿಲಿಸಿ, ಪುನಃ ತಯಾರಕರ ಕೈಪಿಡಿ ಹೇಳಿದಷ್ಟೇ ಬಿಗಿದು, ಹೊಸ ಸ್ಪ್ಲಿಟ್ ಪಿನ್ ತೊಡಿಸಬೇಕು. ಬಿಗಿ ಹೆಚ್ಚಿದರೆ ಬೇರಿಂಗು ಕಾದು ಕೆಡುತ್ತದೆ, ಕಡಿಮೆಯಾದರೆ ಗಾಲಿ ತೊನೆಯುತ್ತದೆ. ಈಚಿನ ಕೆಲವು ಗಾಡಿಗಳಲ್ಲಿ ಬೇರಿಂಗೂ ಹಬ್ಬೂ ಒಂದೇ ಘಟಕವಾಗಿರುವುದರಿಂದ, ಅಲ್ಲಿ ಇಡಿಯಾಗಿ ಬದಲಿಸುವುದೊಂದೇ ದಾರಿ.

ಅಲಕ್ಷಿಸಿದ ಬೇರಿಂಗು ಕಾದು ಅಚ್ಚಿಗೇ ಕಚ್ಚಿಕೊಳ್ಳಬಹುದು; ಓಡುವ ಗಾಡಿಯಿಂದ ಗಾಲಿಯೇ ಕಳಚಬಹುದು. ಗೊಣಗಿದಾಗಲೇ ಕಿವಿಗೊಟ್ಟವನು ತೆರುವುದು ಒಂದು ಬೇರಿಂಗಿನ ಬೆಲೆ. ಕಿವುಡನಾದವನು ತೆರುವುದು ಅಚ್ಚಿನ ಬೆಲೆ, ಒಮ್ಮೊಮ್ಮೆ ಪ್ರಾಣದ ಬೆಲೆ.