ಕಿರುನಾಳಗಳಲ್ಲಿ ರಕ್ತದ ಹಾದಿ

ರಕ್ತನಾಳ ಸಪೂರವಾದಷ್ಟೂ ಅದರೊಳಗೆ ರಕ್ತ ಹರಿಯುವುದು ಕಷ್ಟ. ನಾಳದ ಗೋಡೆಗೆ ತಾಗಿದ ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದಕ್ಕೆ ಉಜ್ಜಿಕೊಂಡು ಪಕ್ಕದ ಪದರಗಳೂ ನಿಧಾನಿಸುತ್ತವೆ. ಹೀಗೆ ಹುಟ್ಟುವ ತಡೆಯೇ ಹರಿವಿನ ರೋಧ. ಫ್ರಾನ್ಸಿನ ವೈದ್ಯ ಪ್ವಾಸೆಯ್ ಅವರು 1840ರ ಸುಮಾರಿಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಇದರ ಲೆಕ್ಕ ಕಂಡುಕೊಂಡರು. ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ರೋಧ 16 ಪಟ್ಟಾಗುತ್ತದೆ.

ಈ ಲೆಕ್ಕದಂತೆ ಎಲ್ಲಕ್ಕಿಂತ ಸಣ್ಣವಾದ ಲೋಮನಾಳಗಳಲ್ಲೇ ಒಟ್ಟು ರೋಧ ಅತಿ ಹೆಚ್ಚಿರಬೇಕಿತ್ತು. ಆದರೆ ಅವು ಕೋಟಿಗಟ್ಟಲೆ ಇವೆ, ಅಕ್ಕಪಕ್ಕದಲ್ಲಿ ಹರಡಿಕೊಂಡಿವೆ. ರಕ್ತಕ್ಕೆ ಅಷ್ಟೊಂದು ದಾರಿಗಳಿರುವುದರಿಂದ ಒಟ್ಟು ತಡೆ ತಗ್ಗುತ್ತದೆ. ಹೆಚ್ಚಿನ ರೋಧ ಇರುವುದು ಅವುಗಳಿಗೆ ರಕ್ತ ಒದಗಿಸುವ ಕಿರು ಅಪಧಮನಿಗಳಲ್ಲಿ. ಇವುಗಳನ್ನು ಹೊಗುವಾಗ ಸುಮಾರು 85 ಮಿ.ಮೀ. ಪಾದರಸದಷ್ಟಿರುವ ಒತ್ತಡ, ಹೊರಬರುವಾಗ 30-35ಕ್ಕೆ ಇಳಿದಿರುತ್ತದೆ. ಇವುಗಳ ಗೋಡೆಯನ್ನು ಸ್ನಾಯು ಬಳಸಿಕೊಂಡಿದೆ. ಅದು ಕೊಂಚ ಬಿಗಿದರೂ ಹರಿವು ಬಹಳ ಕುಗ್ಗುತ್ತದೆ, ಕೊಂಚ ಸಡಿಲಿದರೂ ಬಹಳ ಹಿಗ್ಗುತ್ತದೆ. ಕೆರೆಯ ತೂಬು ಯಾವ ಬಯಲಿಗೆ ಎಷ್ಟು ನೀರೆಂದು ಅಳೆದು ಬಿಡುವಂತೆ, ಓಡುವಾಗ ಕಾಲಿಗೆ, ಉಂಡಾಗ ಕರುಳಿಗೆ ಹೆಚ್ಚು ರಕ್ತ ಬಿಡುವುದು ಈ ನಾಳಗಳೇ. ಗೋಡೆಯ ಒಳಪದರದಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಸ್ನಾಯುವನ್ನು ಸಡಿಲಿಸುತ್ತದೆ. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಹುಮಾನ ಸಂದಿತು.

ಲೋಮನಾಳದ ವ್ಯಾಸ 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣದ ಅಗಲ 7-8 ಮೈಕ್ರೋಮೀಟರ್. ಹಲವೆಡೆ ತನಗಿಂತ ಕಿರಿದಾದ ದಾರಿಯಲ್ಲಿ ಕಣ ನುಸುಳಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ಒಂದರ ಹಿಂದೊಂದು ಸಾಲಾಗಿ, ಅರೆಬಿಚ್ಚಿದ ಕೊಡೆಯಂತೆ ಬಾಗಿ ಸಾಗುತ್ತವೆ. ಆಗಾಗ ದಪ್ಪನೆಯ ಬಿಳಿ ರಕ್ತಕಣವೊಂದು ನಾಳದ ಬಾಯಲ್ಲಿ ಸಿಕ್ಕಿಕೊಂಡಾಗ ಹಿಂದಿನ ಸಾಲು ಕ್ಷಣಕಾಲ ನಿಂತು, ಅದು ಜಾರಿದೊಡನೆ ಮತ್ತೆ ಹೊರಡುತ್ತದೆ.

ಸಪೂರ ನಾಳದಲ್ಲಿ ರಕ್ತಕ್ಕೆ ಇನ್ನೊಂದು ಅನುಕೂಲವೂ ಉಂಟು. ಸ್ವೀಡನ್ನಿನ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ತೋರಿಸಿದಂತೆ, ಸುಮಾರು 0.3 ಮಿ.ಮೀ.ಗಿಂತ ಸಣ್ಣ ಕೊಳವೆಗಳಲ್ಲಿ ರಕ್ತ ತೆಳುವಾದಂತೆ ವರ್ತಿಸುತ್ತದೆ. ಕಣಗಳು ನಡುವಿಗೆ ಸರಿಯುತ್ತವೆ, ಗೋಡೆಯ ಬದಿಗೆ ಉಳಿದ ತೆಳು ಪ್ಲಾಸ್ಮಾ ಎಣ್ಣೆ ಸವರಿದಂತೆ ಉಜ್ಜುವಿಕೆಯನ್ನು ತಗ್ಗಿಸುತ್ತದೆ. ನಾಳ ಕಣಕ್ಕಿಂತಲೂ ಬಹಳ ಕಿರಿದಾದಾಗ ಮಾತ್ರ ಈ ಅನುಕೂಲ ತಪ್ಪಿ ರೋಧ ಏರುತ್ತದೆ.

ಎಲ್ಲವೂ ಕಣದ ಮೆದುತನವನ್ನು ನೆಚ್ಚಿಕೊಂಡಿದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಜನರಲ್ಲೂ ಕಾಣುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಕಣಗಳು ಕುಡುಗೋಲಿನಂತೆ ಬಾಗಿ ಪೆಡಸಾಗುತ್ತವೆ, ಕಿರುನಾಳಗಳಲ್ಲಿ ಕಟ್ಟಿಕೊಂಡು ತಡೆಯಲಾರದ ನೋವು ತರುತ್ತವೆ. ಫ್ಯಾಲ್ಸಿಪ್ಯಾರಮ್ ಮಲೇರಿಯಾದಲ್ಲಿ ಸೋಂಕು ತಗುಲಿದ ಕಣಗಳು ಗಡುಸಾಗಿ ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳಿನಲ್ಲಿ ಹೀಗಾದರೆ ಜೀವಕ್ಕೇ ಅಪಾಯ.

ಕಿರುನಾಳಗಳ ಹರಿವನ್ನು ಅಂದಾಜಿಸಲು ವೈದ್ಯರು ಹಾಸಿಗೆಯ ಪಕ್ಕದಲ್ಲೇ ಮಾಡುವ ಸರಳ ಪರೀಕ್ಷೆಯೊಂದಿದೆ. ಬೆರಳಿನ ಉಗುರನ್ನು ಒತ್ತಿ ಹಿಡಿದರೆ ಅದು ಬಿಳಿಚುತ್ತದೆ. ಬಿಟ್ಟಾಗ ಆರೋಗ್ಯವಂತರಲ್ಲಿ ಸುಮಾರು 2 ಸೆಕೆಂಡಿನೊಳಗೆ ಕೆಂಪು ಮರಳುತ್ತದೆ. ತಡವಾದರೆ ಚಳಿಯಿಂದಲೋ, ಆಘಾತದಿಂದಲೋ ಕಿರುನಾಳಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲವೆಂದು ಅನುಮಾನಿಸಬೇಕಾಗುತ್ತದೆ.