ವಿಂಡೋಸ್ ತಂತ್ರಾಂಶ ಲಿನಕ್ಸ್ ಗಣಕಯಂತ್ರದಲ್ಲಿ: ಕಚೇರಿ ಕೆಲಸ ನಿಲ್ಲದಿರಲು ಮೂರು ದಾರಿಗಳು

ನಮ್ಮ ಚರ್ಚ್ ಕಚೇರಿ, ಶಾಲೆ ಹಾಗೂ ಸಂಘ ಸಂಸ್ಥೆಗಳಲ್ಲಿ ಇಂದು ಗಣಕಯಂತ್ರವಿಲ್ಲದೆ ಕೆಲಸ ಸಾಗುವುದಿಲ್ಲ. ಕುಟುಂಬಗಳ ವಿವರ, ಪ್ರಮಾಣಪತ್ರ, ಲೆಕ್ಕಪತ್ರ, ವಾರದ ಪ್ರಕಟಣೆ ಎಲ್ಲವೂ ಅದರಲ್ಲೇ ಸಿದ್ಧವಾಗುತ್ತವೆ. ಆದರೆ 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪ್ರೊಸೆಸರ್ ಅಗತ್ಯ. ಹೀಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳಿಗೆ ಅದನ್ನು ಹಾಕುವಂತಿಲ್ಲ.

ಇಂತಹ ಯಂತ್ರಗಳಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಉಚಿತ ವ್ಯವಸ್ಥೆಗಳು ಚೆನ್ನಾಗಿಯೇ ನಡೆಯುತ್ತವೆ. ಆಗ ಏಳುವ ಪ್ರಶ್ನೆ ಒಂದೇ: ವಿಂಡೋಸ್‌ಗಾಗಿ ಮಾಡಿದ ನಮ್ಮ ಕೆಲಸದ ತಂತ್ರಾಂಶದ ಗತಿಯೇನು?

ತೊಡಕು ಎಲ್ಲಿದೆ?

ಯಾವ ತಂತ್ರಾಂಶವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಡತ ತೆರೆಯಲು, ಪರದೆಯಲ್ಲಿ ಅಕ್ಷರ ಮೂಡಿಸಲು, ಮುದ್ರಿಸಲು ಅದು ಆಪರೇಟಿಂಗ್ ಸಿಸ್ಟಮ್‌ಗೆ ಕೋರಿಕೆ ಸಲ್ಲಿಸುತ್ತದೆ. ವಿಂಡೋಸ್ ತಂತ್ರಾಂಶದ ಕೋರಿಕೆಯ ಭಾಷೆ ಲಿನಕ್ಸ್‌ಗೆ ತಿಳಿಯದು. ಕೊಂಕಣಿ ಮಾತ್ರ ಬಲ್ಲವರು ತುಳು ಮಾತ್ರ ಬಲ್ಲವರ ಅಂಗಡಿಗೆ ಹೋದಂತೆ. ಸಾಮಾನು ಅಲ್ಲಿರುತ್ತದೆ, ಮಾತು ತಲುಪುವುದಿಲ್ಲ.

ಮೊದಲ ದಾರಿ: ಬದಲಿ ತಂತ್ರಾಂಶ

ನಮಗೆ ಬೇಕಾಗಿರುವುದು ಆ ತಂತ್ರಾಂಶವೋ, ಅದರ ಕೆಲಸವೋ ಎಂದು ಮೊದಲು ಕೇಳಿಕೊಳ್ಳಬೇಕು. ಪತ್ರ ಬರೆಯಲು, ಪಟ್ಟಿ ತಯಾರಿಸಲು ಉಚಿತವಾದ ಲಿಬ್ರೆ ಆಫೀಸ್ ಸಾಕು. ವರ್ಡ್, ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ, ಪುಟವಿನ್ಯಾಸ ಮಾತ್ರ ಕೆಲವೊಮ್ಮೆ ತುಸು ಕದಲಬಹುದು. ಬ್ಯಾಂಕ್ ವ್ಯವಹಾರ, ಮಿಂಚಂಚೆ ಮುಂತಾದವು ಬ್ರೌಸರ್‌ನಲ್ಲೇ ನಡೆಯುವುದರಿಂದ ಹೆಚ್ಚಿನ ವ್ಯತ್ಯಾಸವಾಗದು.

ಎರಡನೆಯ ದಾರಿ: ವೈನ್ ಎಂಬ ದುಭಾಷಿ

1993ರಲ್ಲಿ ಆರಂಭವಾಗಿ, 15 ವರ್ಷಗಳ ಶ್ರಮದ ಬಳಿಕ 2008ರಲ್ಲಿ 1.0 ಆವೃತ್ತಿ ಕಂಡ ಉಚಿತ ತಂತ್ರಾಂಶ ವೈನ್. ವಿಂಡೋಸ್ ತಂತ್ರಾಂಶದ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ಅದು ಆಗಿಂದಾಗ್ಗೆ ಅನುವಾದಿಸುತ್ತದೆ. ವಿಂಡೋಸ್ ಅನ್ನೇ ಹಾಕಬೇಕಾಗಿಲ್ಲ, ಲೈಸೆನ್ಸ್ ಬೇಡ, ಹಳೆಯ ಯಂತ್ರಕ್ಕೂ ಹೊರೆಯಾಗದು. ಲಿನಕ್ಸ್‌ನಲ್ಲಿ ಪ್ರಿಂಟರ್ ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ ವೈನ್ ಮೂಲಕವೂ ಮುದ್ರಿಸಬಹುದು.

ಊರಿನ ಯುವಕರೊಬ್ಬರು ಹತ್ತಿಪ್ಪತ್ತು ವರ್ಷಗಳ ಹಿಂದೆ ವಿಷುವಲ್ ಬೇಸಿಕ್‌ನಲ್ಲಿ ಬರೆದುಕೊಟ್ಟ ಸಣ್ಣ ತಂತ್ರಾಂಶವನ್ನೇ ನೆಚ್ಚಿಕೊಂಡಿರುವ ಕಚೇರಿಗಳಿವೆ. ಬರೆದವರು ಈಗ ಕೊಲ್ಲಿ ರಾಷ್ಟ್ರದಲ್ಲಿರಬಹುದು, ತಿದ್ದಿಕೊಡುವವರು ಯಾರೂ ಇಲ್ಲದಿರಬಹುದು. ಇಂತಹ ಹಳೆಯ ತಂತ್ರಾಂಶಗಳು ವೈನ್‌ನಲ್ಲಿ ನಡೆಯುವ ಸಾಧ್ಯತೆ ಸಾಕಷ್ಟಿದೆ. ಅವುಗಳಿಗೆ ಬೇಕಾದ ವಿಷುವಲ್ ಬೇಸಿಕ್ ಮತ್ತು ಆಕ್ಸೆಸ್ ಡೇಟಾಬೇಸ್‌ನ ಬಿಡಿಭಾಗಗಳನ್ನು ವೈನ್‌ಟ್ರಿಕ್ಸ್ ಎಂಬ ಸಹಾಯಕ ತಂತ್ರಾಂಶದಿಂದ ಸೇರಿಸಬಹುದು.

ಆದರೆ ದುಭಾಷಿಗೆ ಎಲ್ಲ ಮಾತೂ ಬರುವುದಿಲ್ಲ. ವಿಂಡೋಸ್‌ಗಾಗಿ ಮಾಡಿದ ಯಂತ್ರಭಾಗಗಳ ಡ್ರೈವರ್‌ಗಳು ವೈನ್‌ನಲ್ಲಿ ನಡೆಯುವುದಿಲ್ಲ. ಆದ್ದರಿಂದ ಯುಎಸ್‌ಬಿ ಬೀಗ ಚುಚ್ಚಿದರೆ ಮಾತ್ರ ತೆರೆಯುವ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್ ಮುಂತಾದವುಗಳಲ್ಲಿ ತೊಂದರೆ ಸಹಜ. ಟೋಕನ್‌ಗೆ ತಯಾರಕರೇ ಲಿನಕ್ಸ್ ಡ್ರೈವರ್ ನೀಡಿದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು.

ಮೂರನೆಯ ದಾರಿ: ಯಂತ್ರದೊಳಗೊಂದು ಯಂತ್ರ

ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶವು ಲಿನಕ್ಸ್‌ನ ಒಳಗೆ ಒಂದು ಕಾಲ್ಪನಿಕ ಗಣಕಯಂತ್ರವನ್ನು ನಿರ್ಮಿಸುತ್ತದೆ. ಅದರಲ್ಲಿ ನಿಜವಾದ ವಿಂಡೋಸ್ ಅನ್ನೇ ಹಾಕಿ ಕೆಲಸ ಮಾಡಬಹುದು. ಇಲ್ಲಿ ಅನುವಾದವಿಲ್ಲದ ಕಾರಣ ಹೆಚ್ಚುಕಡಿಮೆ ಎಲ್ಲ ಕಚೇರಿ ತಂತ್ರಾಂಶಗಳೂ ನಡೆಯುತ್ತವೆ. ಆದರೆ ವಿಂಡೋಸ್‌ಗೆ ಲೈಸೆನ್ಸ್ ಬೇಕೇ ಬೇಕು. ಒಂದೇ ಮೆಮೊರಿಯನ್ನು ಎರಡು ವ್ಯವಸ್ಥೆಗಳು ಹಂಚಿಕೊಳ್ಳುವುದರಿಂದ 4 ಜಿಬಿ ರ‍್ಯಾಮ್ ಇರುವ ಯಂತ್ರ ತೆವಳುತ್ತದೆ, 8 ಜಿಬಿಯಾದರೂ ಇದ್ದರೆ ನೆಮ್ಮದಿ. ಒಳಗಿರುವುದು ಬೆಂಬಲ ಮುಗಿದ ವಿಂಡೋಸ್ ಆಗಿದ್ದರೆ ಅದಕ್ಕೆ ಅಂತರ್ಜಾಲ ಸಂಪರ್ಕ ಕೊಡಬಾರದು.

ಕನ್ನಡ ಕಡತಗಳ ವಿಷಯ

ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿಯೇ ಉಳಿದಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ಹಳೆಯ ಯಂತ್ರದಿಂದ ಫಾಂಟ್ ಕಡತವನ್ನು ನಕಲಿಸಿ ಲಿನಕ್ಸ್‌ಗೆ ಸೇರಿಸಿದರೆ ಕನ್ನಡ ಮರಳಿ ಕಾಣಿಸುತ್ತದೆ. ಶಾಶ್ವತ ಪರಿಹಾರವೆಂದರೆ ಪರಿವರ್ತಕದಿಂದ ಅದನ್ನು ಯೂನಿಕೋಡ್‌ಗೆ ಬದಲಿಸಿ, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುವುದು. ಹೊಸದಾಗಿ ಬರೆಯಲು ನುಡಿಯ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ಲಭ್ಯವಿದೆ.

ಬದಲಾಯಿಸುವ ಮುನ್ನ

ತಂತ್ರಾಂಶ ಹೋದರೆ ಇನ್ನೊಂದು ಸಿಗುತ್ತದೆ, ದಾಖಲೆ ಹೋದರೆ ಸಿಗದು. ಆದ್ದರಿಂದ ಈ ಕ್ರಮವನ್ನು ಪಾಲಿಸುವುದು ಕ್ಷೇಮ.

1. ಎಲ್ಲ ದಾಖಲೆಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ನಕಲಿಸಿ, ಒಂದನ್ನು ಕಚೇರಿಯ ಹೊರಗಿಡಿ. ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಯಂತ್ರದಲ್ಲಿ ನೋಡಿ.

2. ತಂತ್ರಾಂಶ ಇನ್ನೂ ನಡೆಯುತ್ತಿರುವಾಗಲೇ ಅದರಲ್ಲಿರುವ ಮಾಹಿತಿಯನ್ನು ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಹೊರತೆಗೆಯಿರಿ.

3. ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ಪ್ರಿಂಟರ್, ಸ್ಕ್ಯಾನರ್ ಪರೀಕ್ಷಿಸಿ. ಇದಕ್ಕೆ ಹಳೆಯ ವ್ಯವಸ್ಥೆಯನ್ನು ಅಳಿಸಬೇಕಾಗಿಲ್ಲ.

4. ಕನಿಷ್ಠ ಒಂದು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ, ಲೆಕ್ಕ ತಾಳೆಯಾದ ಮೇಲೆ ಮಾತ್ರ ಹಳೆಯದನ್ನು ಬಿಡಿ.

ವೈನ್ ಬಳಸುವವರು ಇನ್ನೆರಡು ವಿಷಯ ಗಮನಿಸಬೇಕು. ಅದು ತನ್ನ ಸಿ ಡ್ರೈವ್ ಅನ್ನು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಕಣ್ಣಿಗೆ ಬೀಳದಂತೆ ಇಡುವುದರಿಂದ ನಕಲು ತೆಗೆಯುವಾಗ ಅದು ಬಿಟ್ಟುಹೋಗಬಾರದು. ವಿಂಡೋಸ್ ವೈರಸ್‌ಗಳಲ್ಲಿ ಕೆಲವು ವೈನ್‌ನಲ್ಲೂ ನಡೆಯಬಲ್ಲವು. ಆದುದರಿಂದ ಗುರುತಿಲ್ಲದ ಕಡತಗಳನ್ನು ಅದರಲ್ಲಿ ತೆರೆಯಬಾರದು.

ಹಲವರ ಬದುಕಿನ ವಿವರಗಳನ್ನು ನಾವು ಈ ಯಂತ್ರಗಳಿಗೆ ಒಪ್ಪಿಸಿದ್ದೇವೆ. ಮದುವೆಗೋ ಪಾಸ್‌ಪೋರ್ಟಿಗೋ ಪ್ರಮಾಣಪತ್ರ ಕೇಳಿ ಬಂದವರನ್ನು "ಕಂಪ್ಯೂಟರ್ ಕೆಟ್ಟಿದೆ" ಎಂದು ಹಿಂದೆ ಕಳುಹಿಸುವ ಸ್ಥಿತಿ ಬರುವ ಮುನ್ನವೇ ಈ ಕೆಲಸಕ್ಕೆ ಒಂದು ದಿನ ಮೀಸಲಿಡಬೇಕೆಂಬುದು ನಮ್ಮ ವಿನಂತಿ.