ನಿಂತ ನೀರು, ಹರಿವ ನೀರು

ವೈಶಾಖದ ನಡುಹಗಲಿನಲ್ಲಿ ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಬರಿಗಾಲಿಡುವುದು ಕಷ್ಟ. ಆ ಬೆಟ್ಟಗಳ ಮಡಿಲಿನಲ್ಲಿರುವ ಅಗಸ್ತ್ಯತೀರ್ಥವಾದರೋ ಕಾಲನ್ನು ಸುಡುವುದಿಲ್ಲ. ಸಮತೂಕದ ಕಲ್ಲಿನಷ್ಟೇ ಬಿಸಿಯೇರಲು ನೀರಿಗೆ ಸುಮಾರು 5 ಪಟ್ಟು ಶಾಖ ಬೇಕು. ಅದು ಮೆಲ್ಲನೆ ಕಾಯುತ್ತದೆ, ಮೆಲ್ಲನೆ ಆರುತ್ತದೆ. ಮಾಗಿಯ ಮುಂಜಾವಿನಲ್ಲಿ ಗಾಳಿಗಿಂತ ಕೆರೆಯೇ ಬೆಚ್ಚಗೆನಿಸುವುದು ಇದರಿಂದಲೇ.

ಬೇಸಗೆಯಲ್ಲಿ ನಿಂತ ನೀರಿನ ಮೇಲ್ಪದರವು ಕಾದು ಹಗುರಾಗಿ ಮೇಲೆಯೇ ಉಳಿಯುತ್ತದೆ. ತಣ್ಣನೆಯ, ಭಾರವಾದ ನೀರು ತಳದಲ್ಲಿರುತ್ತದೆ. ಮೇಲಿನ ಬಿಸುಪನ್ನು ನಂಬಿ ಆಳಕ್ಕೆ ಧುಮುಕಿದವನಿಗೆ ತಂಪು ತಟ್ಟನೆ ತಗುಲುತ್ತದೆ. ಆಗ ಅವನು ತನಗರಿವಿಲ್ಲದೆಯೇ ಉಸಿರನ್ನು ಒಳಕ್ಕೆಳೆದುಕೊಳ್ಳಬಹುದು. ಮುಖ ನೀರಿನೊಳಗಿದ್ದರೆ ಪ್ರಾಣಕ್ಕೇ ಸಂಚಕಾರ! ಬಲ್ಲ ಈಜುಗಾರರು ಮೆಟ್ಟಿಲಿಳಿದು, ಮೊದಲು ಮೈ ತೋಯಿಸಿಕೊಳ್ಳುತ್ತಾರೆ. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯವರೆಗೆ ಹಬ್ಬಿ ನಿಂತಿರುವಾಗಲೂ ಈ ಎಚ್ಚರ ಬೇಕು.

ಹೊಳೆಯ ಮಾತು ಬೇರೆ. ಹರಿವು ನೀರನ್ನು ಕಲಸುವುದರಿಂದ ಅಲ್ಲಿ ಇಂತಹ ಪದರಗಳು ನಿಲ್ಲುವುದು ವಿರಳ. ಅಲ್ಲಿ ಅಂಜಬೇಕಾದುದು ಸೆಳವಿಗೆ. ಹುನಗುಂದ, ಇಳಕಲ್ಲುಗಳ ಮೇಲೆ ಆಕಾಶ ತಿಳಿಯಾಗಿದ್ದರೂ ಸಹ್ಯಾದ್ರಿಯ ಕಣಕುಂಬಿಯ ಕಡೆ ಸುರಿದ ಮಳೆ ಮಲಪ್ರಭೆಯನ್ನು ಉಕ್ಕಿಸಬಲ್ಲದು. 2019ರ ಆಗಸ್ಟಿನಲ್ಲಿ ಆ ನದಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೇ ನುಗ್ಗಿತ್ತು.